ಓಡಿ ಗೆದ್ದೆ, ಎಸೆದು ಸೋತೆ

ಅಂದು ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ದೈಹಿಕ ಪರೀಕ್ಷೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ‘ಫಿಸಿಕಲ್’. ಮಹಿಳೆಯರು 400 ಮೀಟರ್ ದೂರವನ್ನು 2 ನಿಮಿಷದೊಳಗೆ ಓಡಬೇಕು. ನಾನು ಗೆರೆ ದಾಟಿದಾಗ ಇನ್ನೂ 16 ಸೆಕೆಂಡ್ ಉಳಿದಿತ್ತು. ಉದ್ದ ಜಿಗಿತದಲ್ಲಿ 2.5 ಮೀಟರ್ ಬೇಕಿತ್ತು, ಎರಡನೇ ಪ್ರಯತ್ನಕ್ಕೆ ಅದೂ ಆಯಿತು. ಉಳಿದದ್ದು ಗುಂಡು ಎಸೆತ ಒಂದೇ. 4 ಕೆ.ಜಿ. ತೂಕದ ಗುಂಡು, 3.75 ಮೀಟರ್ ದೂರ, ಮೂರು ಅವಕಾಶ.

ಮೊದಲ ಎಸೆತ ತೀರಾ ಹತ್ತಿರ ಬಿತ್ತು. ಎರಡನೆಯದರಲ್ಲಿ ಕಾಲು ಗೆರೆ ತುಳಿಯಿತು. ಮೂರನೆಯದನ್ನು ಮನೆದೇವರನ್ನು ನೆನೆದು, ಹಲ್ಲು ಕಚ್ಚಿ ಎಸೆದೆ. ಒಂದು ಗೇಣು ಕಡಿಮೆ ಬಿತ್ತು. ಲಿಖಿತ ಪರೀಕ್ಷೆ ಪಾಸಾಗಲು ಧಾರವಾಡದ ಸಪ್ತಾಪುರದಲ್ಲಿ ಎರಡು ವರ್ಷ ಕೂತು ಓದಿದ್ದೆ. ಅದೆಲ್ಲ ಒಂದು ಗೇಣಿನಲ್ಲಿ ಹೋಯಿತು.

ಸಂಜೆ ಅವ್ವನಿಗೆ ಫೋನ್ ಮಾಡಿದೆ. ನಾನು ಅಳುವುದನ್ನು ಅವಳು ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಬೈಗುಳವೂ ಅಲ್ಲದ, ಸಮಾಧಾನವೂ ಅಲ್ಲದ ಒಂದು ಮಾತು ಕೇಳಿದಳು: ‘ಸಣ್ಣಾಕಿ ಇದ್ದಾಗ ತಲಿ ಮ್ಯಾಲೊಂದು, ಟೊಂಕದ ಮ್ಯಾಲೊಂದು ಕೊಡ ಹೊತ್ತು ತರ್ತಿದ್ದಿ. ಆ ಕಸುವು ಎಲ್ಲಿ ಹೋತ?’

ಆ ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರ ಇರಲಿಲ್ಲ. ಯಾಕೆಂದರೆ ನಾನು ಫಿಟ್ ಇದ್ದೇನೆ ಎಂದೇ ನಂಬಿದ್ದೆ. ಮೂರು ತಿಂಗಳು ಬೆಳಿಗ್ಗೆ ಆರಕ್ಕೆ ಪಿ.ಜಿ. ಗೇಟು ತೆಗೆಯುವುದನ್ನೇ ಕಾದು, ಕರ್ನಾಟಕ ಕಾಲೇಜಿನ ಮೈದಾನಕ್ಕೆ ಹೋಗಿ ಅರ್ಧ ಗಂಟೆ ಓಡುತ್ತಿದ್ದೆ. ವಾರಕ್ಕೆ ಐದು ದಿನ. ಮೂರನೇ ಮಹಡಿಯ ಮೆಟ್ಟಿಲು ಹತ್ತಿದರೂ ಉಸಿರು ಹತ್ತುತ್ತಿರಲಿಲ್ಲ. ಆದರೆ ಅದೇ ಮೂರನೇ ಮಹಡಿಗೆ 20 ಲೀಟರ್ ನೀರಿನ ಕ್ಯಾನ್ ಸಾಗಿಸಬೇಕೆಂದರೆ ನಮಗೆ ಇಬ್ಬರು ಹುಡುಗಿಯರು ಬೇಕಾಗುತ್ತಿತ್ತು. ಇವೆರಡೂ ಬೇರೆ ಬೇರೆ ವಿಷಯ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಓದದೆ ಬಿಟ್ಟ ಎರಡನೇ ಸಾಲು

ಸೋತ ಮೇಲೆ ಎರಡು ತಿಂಗಳು ಮೈದಾನದ ಕಡೆ ತಲೆ ಹಾಕಲಿಲ್ಲ. ಓಡಿ ಏನು ಬಂತು ಎಂಬ ಸಿಟ್ಟು. ಬೇರೊಂದು ಪರೀಕ್ಷೆಗೆ ಸಾಮಾನ್ಯ ಜ್ಞಾನ ಓದುವಾಗ ವಿಶ್ವ ಆರೋಗ್ಯ ಸಂಸ್ಥೆಯ ವಿಷಯ ಬಂತು. ಆ ಸಂಸ್ಥೆ 2020ರಲ್ಲಿ ದೈಹಿಕ ಚಟುವಟಿಕೆಯ ಬಗ್ಗೆ ಹೊಸ ಮಾರ್ಗಸೂಚಿ ಹೊರಡಿಸಿದೆ. 18ರಿಂದ 64 ವರ್ಷದವರಿಗೆ ಅದು ಹೇಳುವುದು ಮುಖ್ಯವಾಗಿ ಎರಡು ಮಾತು.

ಒಂದು: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ, ಅಂದರೆ ಚುರುಕು ನಡಿಗೆ, ಸೈಕಲ್ ತುಳಿಯುವುದು ಇಂಥವು. ಇಲ್ಲವೇ 75ರಿಂದ 150 ನಿಮಿಷ ಓಟ, ಸ್ಕಿಪ್ಪಿಂಗ್‌ನಂಥ ಹೆಚ್ಚು ಶ್ರಮದ್ದು. ಎರಡನ್ನೂ ಬೆರೆಸಿಕೊಳ್ಳಬಹುದು. ಇದು ಏರೋಬಿಕ್ ಭಾಗ. ಹೃದಯ, ಶ್ವಾಸಕೋಶಗಳಿಗೆ ಕೆಲಸ ಕೊಡುವಂಥದ್ದು.

ಎರಡು: ವಾರಕ್ಕೆ ಕನಿಷ್ಠ ಎರಡು ದಿನ, ದೇಹದ ಎಲ್ಲ ಪ್ರಮುಖ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ. ಕಾಲು, ಸೊಂಟ, ಬೆನ್ನು, ಹೊಟ್ಟೆ, ಎದೆ, ಭುಜ, ತೋಳು ಎಲ್ಲವೂ ಇದರಲ್ಲಿ ಬರಬೇಕು.

‘ಅಥವಾ’ ಎಂದಿಲ್ಲ, ‘ಮತ್ತು’ ಎಂದಿದೆ. ಪ್ರಶ್ನೆಪತ್ರಿಕೆಯಲ್ಲಿ ಎರಡು ವಿಭಾಗ, ಎರಡರಲ್ಲೂ ಪಾಸಾಗಬೇಕು ಎಂದ ಹಾಗೆ. ನಾನು ಮೊದಲ ವಿಭಾಗಕ್ಕೆ ಮಾತ್ರ ಓದಿಕೊಂಡು ಪರೀಕ್ಷೆಗೆ ಹೋಗಿದ್ದೆ. ಗುಂಡು ಬಿದ್ದ ಜಾಗ ಅದನ್ನೇ ತೋರಿಸಿತ್ತು.

ಇನ್ನೊಂದು ವಿಷಯವೂ ಗಮನಕ್ಕೆ ಬಂತು. ಮೊಬೈಲ್ ನೋಡಿ ನೋಡಿ ನಾವೆಲ್ಲ ಲೆಕ್ಕ ಹಾಕುವ ‘ದಿನಕ್ಕೆ ಹತ್ತು ಸಾವಿರ ಹೆಜ್ಜೆ’ ಆ ಮಾರ್ಗಸೂಚಿಯಲ್ಲಿ ಇಲ್ಲವೇ ಇಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ ಹುಟ್ಟಿದ ಸಂಖ್ಯೆ ಅದು. ನಡೆಯುವುದು ಒಳ್ಳೆಯದೇ. ಆದರೆ ಹೆಜ್ಜೆ ಎಷ್ಟೇ ಎಣಿಸಿದರೂ ತೋಳಿನ ಲೆಕ್ಕ ಅದರಲ್ಲಿ ಸೇರುವುದಿಲ್ಲ.

ನಮ್ಮ ರೂಮಿನ ನೋಟ್‌ಬುಕ್

ನಮ್ಮ ರೂಮಿನಲ್ಲಿ ನಾಲ್ವರು. ಒಂದು ವಾರ ಲೆಕ್ಕ ಬರೆಯೋಣ ಎಂದೆ. ಹಳೆಯ ನೋಟ್‌ಬುಕ್‌ನಲ್ಲಿ ಎರಡು ಕಾಲಂ ಎಳೆದೆ. ಒಂದರಲ್ಲಿ ನಡಿಗೆ-ಓಟದ ನಿಮಿಷ, ಇನ್ನೊಂದರಲ್ಲಿ ಕಸುವಿನ ದಿನ.

ಬ್ಯಾಂಕಿಂಗ್ ಪರೀಕ್ಷೆಗೆ ಓದುವ ಗೆಳತಿ ದಿನಕ್ಕೆ ಹತ್ತು ಗಂಟೆ ಲೈಬ್ರರಿಯಲ್ಲಿ ಕೂರುತ್ತಾಳೆ. ವಾರದ ಕೊನೆಗೆ ಅವಳ ಮೊದಲ ಕಾಲಂನಲ್ಲಿ 40 ನಿಮಿಷ. ಅದೂ ಮೆಸ್ಸಿಗೆ ಹೋಗಿ ಬಂದದ್ದು. ಬಿ.ಇಡಿ. ಓದುವವಳು ಮೂರು ದಿನ ಹತ್ತತ್ತು ನಿಮಿಷ ಸ್ಕಿಪ್ಪಿಂಗ್ ಆಡಿದ್ದಳು. ಅದು ಹೆಚ್ಚು ಶ್ರಮದ್ದಾದ್ದರಿಂದ ದುಪ್ಪಟ್ಟು ಲೆಕ್ಕ, 60 ನಿಮಿಷ. ಕಾಲೇಜಿಗೆ ನಡೆದದ್ದು 60. ಒಟ್ಟು 120. ಪಾಸಾಗಲು 30 ಕಡಿಮೆ. ಅಚ್ಚರಿ ಕಾದಿದ್ದು ಮೂರನೆಯವಳಲ್ಲಿ. ಅವಳು ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಬಿಲ್ಲಿಂಗ್ ಕೆಲಸಕ್ಕೆ ಹೋಗುತ್ತಾಳೆ. ‘ನನಗೆ ಎಕ್ಸರ್‌ಸೈಜ್ ಮಾಡಾಕ ಟೈಮೆಲ್ಲೈತಿ’ ಎನ್ನುವವಳು. ಆದರೆ ಚಿಗರಿ ಬಸ್ಸು ತಪ್ಪಬಾರದೆಂದು ಬೆಳಿಗ್ಗೆ 15 ನಿಮಿಷ, ಸಂಜೆ 15 ನಿಮಿಷ ಬಿರಬಿರನೆ ನಡೆಯುತ್ತಾಳೆ. ಆರು ದಿನಕ್ಕೆ 180 ನಿಮಿಷ! ಗೊತ್ತೇ ಇಲ್ಲದೆ ಪಾಸಾಗಿದ್ದವಳು ಅವಳೊಬ್ಬಳೇ. ಕೆಲಸದಲ್ಲಿ, ದಾರಿಯಲ್ಲಿ, ಮನೆಗೆಲಸದಲ್ಲಿ ಆಗುವ ಶ್ರಮವನ್ನೂ ಮಾರ್ಗಸೂಚಿ ಲೆಕ್ಕಕ್ಕೆ ಹಿಡಿಯುತ್ತದೆ. ಹಿಂದೆ ಒಮ್ಮೆಗೆ ಕನಿಷ್ಠ ಹತ್ತು ನಿಮಿಷ ಇರಲೇಬೇಕು ಎಂಬ ನಿಯಮವಿತ್ತು. 2020ರಲ್ಲಿ ಅದನ್ನೂ ಕೈಬಿಟ್ಟಿದ್ದಾರೆ. ಸಣ್ಣ ಸಣ್ಣ ತುಣುಕುಗಳೂ ಸೇರುತ್ತವೆ.

ನಾಲ್ಕನೆಯವಳು ನಾನು. ಸಿಟ್ಟಿನಲ್ಲಿ ಕೂತಿದ್ದವಳ ಲೆಕ್ಕ ಏನಿದ್ದೀತು?

ಎರಡನೇ ಕಾಲಂ ನಾಲ್ವರದ್ದೂ ಸೊನ್ನೆ.

ನಮ್ಮ ರೂಮು ವಿಚಿತ್ರವೇನಲ್ಲ. 2024ರ ಜೂನ್‌ನಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, 2022ರಲ್ಲಿ ಭಾರತದ ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ (49.4%) ವಾರದ ಆ 150 ನಿಮಿಷವನ್ನೂ ಮುಟ್ಟುತ್ತಿರಲಿಲ್ಲ. 2000ದಲ್ಲಿ ಈ ಪ್ರಮಾಣ 22.3% ಇತ್ತು. ಗಂಡಸರಲ್ಲಿ 42%, ಹೆಂಗಸರಲ್ಲಿ 57%. ನೆನಪಿಡಿ, ಇದು ಮೊದಲ ಕಾಲಂನ ಲೆಕ್ಕ ಮಾತ್ರ. ಕಸುವಿನ ಕಾಲಂ ಇದರಲ್ಲಿ ಸೇರಿಲ್ಲ.

ಎರಡನ್ನೂ ಕೂಡಿಸಿ ನೋಡಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ 2020ರ ರಾಷ್ಟ್ರೀಯ ಆರೋಗ್ಯ ಸಮೀಕ್ಷೆ ಒಂದು ಉದಾಹರಣೆ. ಅಲ್ಲಿ ಏರೋಬಿಕ್ ಮಟ್ಟ ಮುಟ್ಟಿದವರು ಸುಮಾರು 47%, ಬಲದ ವ್ಯಾಯಾಮದ ಮಟ್ಟ ಮುಟ್ಟಿದವರು 31%. ಎರಡನ್ನೂ ಮುಟ್ಟಿದವರು 24% ಮಾತ್ರ. ಬೀದಿಗೊಂದು ಜಿಮ್ ಇರುವ ದೇಶದಲ್ಲೂ ನಾಲ್ವರಲ್ಲಿ ಒಬ್ಬರು. ನಮ್ಮ ರೂಮಿನಲ್ಲಿ ಆ ಒಬ್ಬಳೂ ಇರಲಿಲ್ಲ.

ಶಿಕ್ಷೆಯಾಗಿದ್ದ ಬಸ್ಕಿ

ಮತ್ತೆ ಮೈದಾನಕ್ಕೆ ಹೋದೆ. ಅದು ಖಾಲಿ ಖಾಲಿ ಕಂಡಿತು. ಫಿಸಿಕಲ್‌ಗೆ ಮುಂಚೆ ಬೆಳಿಗ್ಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಆಯ್ಕೆಯಾದವರೂ ಬಂದಿರಲಿಲ್ಲ, ಆಗದವರೂ ಬಂದಿರಲಿಲ್ಲ. ಅಂಕಪಟ್ಟಿ ಬಂದ ಮೇಲೆ ಪುಸ್ತಕ ರದ್ದಿಗೆ ಹಾಕುವ ಹಾಗೆ ಎಲ್ಲರೂ ಓಟವನ್ನು ಬಿಟ್ಟುಬಿಟ್ಟಿದ್ದರು. ನಾನೂ ಅದನ್ನೇ ಮಾಡಿದ್ದೆನಲ್ಲ!

ಅಲ್ಲಿ ದಿನಾ ಬರುವ ಮಾಜಿ ಸೈನಿಕರೊಬ್ಬರಿದ್ದಾರೆ. ಅರವತ್ತು ದಾಟಿದ ವಯಸ್ಸು, ನೆಟ್ಟಗಿನ ಬೆನ್ನು. ಯಾರಾದರೂ ಕೇಳಿದರೆ ಹೇಳಿಕೊಡುತ್ತಾರೆ, ಕೇಳದಿದ್ದರೆ ಮಾತೇ ಇಲ್ಲ. ನನ್ನ ಕಥೆ ಕೇಳಿ ಒಂದು ಕಲ್ಲು ಕೈಗೆ ಕೊಟ್ಟು, ಎಸೆಯಲು ಹೇಳಿದರು. ನೋಡಿ ನಕ್ಕರು. ‘ಗುಂಡು ಕೈಯಿಂದ ಹೋಗೂದಿಲ್ಲ ತಂಗಿ, ಕಾಲಿಂದ ಹೋಗ್ತೈತಿ’ ಎಂದರು. ನೆಲವನ್ನು ಒತ್ತುವ ಕಾಲು, ತಿರುಗುವ ಸೊಂಟ, ಗಟ್ಟಿ ನಿಲ್ಲುವ ಬೆನ್ನು, ಇವೆಲ್ಲ ಕೊಟ್ಟ ಬಲವನ್ನು ಕೈ ಕೊನೆಯಲ್ಲಿ ಗುಂಡಿಗೆ ಮುಟ್ಟಿಸುತ್ತದೆ ಅಷ್ಟೇ. ಓಟದಿಂದ ನನ್ನ ದಮ್ಮು ಬೆಳೆದಿತ್ತು, ಒತ್ತುವ ಬಲ ಬೆಳೆದಿರಲಿಲ್ಲ.

‘ಮೊದಲು ಬಸ್ಕಿ ಹೊಡಿ’ ಎಂದರು.

ಬಸ್ಕಿ! ಹೋಂವರ್ಕ್ ಮಾಡದಿದ್ದರೆ ಮೇಷ್ಟ್ರು ಹೊಡೆಸುತ್ತಿದ್ದ ಬಸ್ಕಿ. ಜಿಮ್‌ನಲ್ಲಿ ಸ್ಕ್ವಾಟ್ ಎಂದು ದುಡ್ಡು ಕೊಟ್ಟು ಮಾಡುವುದೂ ಇದನ್ನೇ. ನಮ್ಮೂರ ಗರಡಿಮನೆಯಲ್ಲಿ ಪೈಲ್ವಾನರು ದಂಡ, ಬಸ್ಕಿ ಎಂದು ಮಾಡುತ್ತಿದ್ದದ್ದೂ ಇದೇ. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವುದನ್ನು ಚಿಕ್ಕವಳಿದ್ದಾಗ ನೋಡಿದ್ದೇನೆ. ಆದರೆ ಗರಡಿಯ ಹೊಸ್ತಿಲನ್ನು ಹೆಣ್ಣುಮಕ್ಕಳು ದಾಟುವ ಹಾಗಿರಲಿಲ್ಲ. ನಮಗೆ ಕಸುವು ಬರುತ್ತಿದ್ದದ್ದು ದುಡಿಮೆಯಿಂದ ಮಾತ್ರ, ಅದನ್ನು ವ್ಯಾಯಾಮ ಎಂದು ಯಾರೂ ಕಲಿಸಿದ್ದಿಲ್ಲ.

ಜಿಮ್ ಸೇರಲು ನನ್ನ ಹತ್ತಿರ ದುಡ್ಡಿರಲಿಲ್ಲ. ರೂಮಿನಲ್ಲೇ ಶುರು ಮಾಡಿದೆ. ಮಂಗಳವಾರ ಮತ್ತು ಶುಕ್ರವಾರ, ಅರ್ಧ ಅರ್ಧ ಗಂಟೆ. ಬಸ್ಕಿ. ಗೋಡೆಗೆ ಕೈ ಒತ್ತಿ ದಂಡ. ಪರೀಕ್ಷೆಯ ದಪ್ಪ ಪುಸ್ತಕಗಳನ್ನು ಬ್ಯಾಗಿಗೆ ತುಂಬಿ ತಲೆಯ ಮೇಲಕ್ಕೆ ಎತ್ತುವುದು. ಮುಂದಕ್ಕೆ ಬಾಗಿ, ಬೆನ್ನು ನೆಟ್ಟಗಿಟ್ಟು ಅದೇ ಬ್ಯಾಗನ್ನು ಹೊಟ್ಟೆಯ ಕಡೆಗೆ ಎಳೆಯುವುದು. ಮೊಣಕೈ ಊರಿ ಹಲಗೆಯಂತೆ ಮೈ ಹಿಡಿದು ನಿಲ್ಲುವುದು. ಎರಡು ವರ್ಷ ತಲೆಗೆ ಹೊರೆಯಾಗಿದ್ದ ಪುಸ್ತಕಗಳು ತೋಳಿಗೂ ಕೆಲಸಕ್ಕೆ ಬಂದವು ಎಂದು ಗೆಳತಿಯರು ನಗುತ್ತಿದ್ದರು.

ಮೊದಲ ದಿನದ ಉತ್ಸಾಹಕ್ಕೆ 60 ಬಸ್ಕಿ ಹೊಡೆದುಬಿಟ್ಟೆ. ಮರುದಿನ ಪಾಯಖಾನೆಯಲ್ಲಿ ಕೂರಲಾಗದೆ, ಕೂತರೆ ಏಳಲಾಗದೆ ಪಟ್ಟ ಪಾಡು ಯಾರಿಗೂ ಬೇಡ. ಹಿರಿಯರು ಬೈದರು. ಒಂದು ಸಲಕ್ಕೆ ಎಂಟರಿಂದ ಹನ್ನೆರಡು, ಕೊನೆಯ ಎರಡು ಕಷ್ಟವಾಗುವಷ್ಟು ಭಾರವಿದ್ದರೆ ಸಾಕು. ಉಸಿರು ಬಿಗಿಹಿಡಿಯಬಾರದು. ಎರಡು ದಿನಗಳ ನಡುವೆ ಬಿಡುವು ಇರಬೇಕು, ಯಾಕೆಂದರೆ ದಣಿದ ಸ್ನಾಯು ತನ್ನನ್ನು ಸರಿಪಡಿಸಿಕೊಂಡು ಗಟ್ಟಿಯಾಗುವುದು ಆ ಬಿಡುವಿನಲ್ಲೇ. ಸುಲಭವಾಯಿತು ಅನ್ನಿಸಿದಾಗ ಬ್ಯಾಗಿಗೆ ಇನ್ನೊಂದು ಪುಸ್ತಕ. ಇಷ್ಟೇ ಸೂತ್ರ. ಎದೆನೋವು, ಬಿ.ಪಿ., ಹಳೆಯ ಪೆಟ್ಟು ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಶುರು ಮಾಡಬೇಕು.

ಮೂರು ವಾರಕ್ಕೇ ವ್ಯತ್ಯಾಸ ಗೊತ್ತಾಯಿತು. ತೋಳೇನೂ ದಪ್ಪವಾಗಿರಲಿಲ್ಲ. ಹುಡುಗಿಯರಿಗೆ ಇದ್ದೇ ಇರುವ ಆ ಭಯಕ್ಕೆ ಇದೇ ಉತ್ತರ. ಮೊದಲ ವಾರಗಳಲ್ಲಿ ಬಲ ಹೆಚ್ಚುವುದು ಬಹುಮಟ್ಟಿಗೆ ನರಗಳಿಂದ. ಇದ್ದ ಸ್ನಾಯುವನ್ನು ಪೂರ್ತಿ ದುಡಿಸಿಕೊಳ್ಳುವುದನ್ನು ಅವು ಕಲಿಯುತ್ತವೆ. ಸ್ನಾಯು ಬೆಳೆಯುವುದು ಆಮೇಲೆ, ನಿಧಾನಕ್ಕೆ. ಗೋಡೆಯ ದಂಡ ಮಂಚದ ಅಂಚಿಗೆ ಬಂತು, ಮಂಚದಿಂದ ನೆಲಕ್ಕೆ ಇಳಿಯಿತು. ಮೂರನೇ ತಿಂಗಳು ನೆಲದ ಮೇಲೆ ಆರು ದಂಡ ಹೊಡೆದೆ. ಆ ದಿನ ಕ್ಯಾನ್ ಬಂದಾಗ ‘ಒಬ್ಬಾಕಿನ ಒಯ್ತೀನಿ ಬಿಡು’ ಎಂದು ಹೆಗಲಿಗೇರಿಸಿ ಮೂರನೇ ಮಹಡಿಗೆ ಹತ್ತಿದೆ. ಬಾಗಿಲಲ್ಲಿ ನಿಂತಿದ್ದ ಮೂವರೂ ಚಪ್ಪಾಳೆ ತಟ್ಟಿದರು. ಮುಂದಿನ ಮಂಗಳವಾರ ಬ್ಯಾಂಕಿಂಗ್ ಗೆಳತಿಯೂ ಚಾಪೆ ಹಾಸಿಕೊಂಡು ನನ್ನ ಪಕ್ಕದಲ್ಲಿದ್ದಳು.

ಅಪ್ಪನ ಹಾಡು, ಅವ್ವನ ಮೊಣಕಾಲು

ದೀಪಾವಳಿಗೆ ಊರಿಗೆ ಹೋದೆ. ಅಪ್ಪ ಟೇಲರ್. ದಿನವಿಡೀ ಮಷಿನ್ ಮುಂದೆ ಕೂರುವ ಕೆಲಸ, ಆರು ವರ್ಷದಿಂದ ಶುಗರ್. ಡಾಕ್ಟರ್ ‘ವಾಕಿಂಗ್ ಮಾಡ್ರಿ’ ಎಂದಿದ್ದಾರೆ. ಅಪ್ಪ ಮಾಡುತ್ತಾನೆ. ಸಂಜೆ ಬಸ್‌ಸ್ಟ್ಯಾಂಡ್ ಕಟ್ಟೆಯವರೆಗೆ ಹೋಗಿ, ಕೂತು, ಹರಟೆ ಹೊಡೆದು, ಚಹಾ ಕುಡಿದು ಬರುತ್ತಾನೆ. ಒಂದು ಸಂಜೆ ನಾನೂ ಜೊತೆಗೆ ಹೋದೆ. ಅಪ್ಪ ಭಜನಾ ಮೇಳದವನು. ದಾರಿಯುದ್ದಕ್ಕೂ ತತ್ವಪದ ಹಾಡುತ್ತಲೇ ನಡೆದ.

ನಡಿಗೆ ಮಧ್ಯಮ ಶ್ರಮದ್ದೋ ಅಲ್ಲವೋ ಎಂದು ತಿಳಿಯಲು ಒಂದು ಸುಲಭ ಅಳತೆ ಇದೆ: ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ನಾಲ್ಕು ಮಾತಾಡುವಷ್ಟರಲ್ಲೇ ಏದುಸಿರು ಬಂದರೆ ಅದು ಹೆಚ್ಚು ಶ್ರಮ. ಅಪ್ಪನಿಗೆ ಹೇಳಿದೆ, ‘ಅಪ್ಪಾ, ನೀ ಹಾಡು ನಿಲ್ಲೂವಷ್ಟು ಜೋರ ನಡೀಬೇಕು.’ ‘ಹಾಡು ನಿಂತ ಮ್ಯಾಲ ನಡದ ಏನು ಮಾಡ್ಲಿ?’ ಎಂದು ಅವನು ನಕ್ಕ. ಕೊನೆಗೆ ಒಪ್ಪಂದವಾಯಿತು. ಹೋಗುವಾಗ ಮಾತು, ಬರುವಾಗ ಹಾಡು. ಜೊತೆಗೆ, ಬಟ್ಟೆ ಅಳೆಯಲು ಎದ್ದಾಗಲೆಲ್ಲ ಕುರ್ಚಿಯಿಂದ ಐದು ಸಲ ಕೈ ಊರದೆ ಎದ್ದು ಕೂರುವುದು. ದುಡಿಯುವ ಸ್ನಾಯು ರಕ್ತದಲ್ಲಿರುವ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಶುಗರ್ ಇರುವವರಿಗೆ ಎರಡನೇ ಕಾಲಂ ಇನ್ನೂ ಮುಖ್ಯ. ಆದರೆ ‘ವಾಕಿಂಗ್ ಮಾಡಿ’ ಎಂಬ ಮಾತಿನಲ್ಲಿ ಅದು ಕಳೆದುಹೋಗುತ್ತದೆ.

ಅವ್ವನ ಮುಂದೆ ಮಾತ್ರ ನನ್ನ ನೋಟ್‌ಬುಕ್ ತೆಗೆಯಲು ನಾಚಿಕೆಯಾಯಿತು. ಕಳೆ ತೆಗೆಯಲು ಕೂಲಿಗೆ ಹೋಗುತ್ತಾಳೆ, ಬಂದು ರೊಟ್ಟಿ ಬಡಿಯುತ್ತಾಳೆ. ‘ಹೊಲದಾಗ ದುಡಿಯೋರಿಗೆ ಮತ್ಯಾತರ ಎಕ್ಸರ್‌ಸೈಜ್?’ ಎಂದಳು. ನಿಜ, ಮೊದಲ ಕಾಲಂನಲ್ಲಿ ಅವಳು ನಮ್ಮೆಲ್ಲರನ್ನೂ ಮೀರಿಸುತ್ತಾಳೆ. ಆದರೆ ನೆಲದಿಂದ ಏಳುವಾಗ ಮೊಣಕಾಲ ಮೇಲೆ ಕೈ ಊರಿ, ಎರಡು ಕ್ಷಣ ಹಾಗೇ ನಿಲ್ಲುತ್ತಾಳೆ. ಅವಳಿಗೆ ಮೊದಲು ಬೇಕಿರುವುದು ವ್ಯಾಯಾಮವಲ್ಲ, ವಿಶ್ರಾಂತಿ. ದಿನವಿಡೀ ಒಂದೇ ಭಂಗಿಯಲ್ಲಿ ಬಾಗಿ ಸವೆಯುವುದೂ, ಮೈಯ ಎಲ್ಲ ಸ್ನಾಯುಗಳಿಗೆ ಅಳತೆಯಾಗಿ ಕೆಲಸ ಕೊಟ್ಟು ಬಿಡುವು ಕೊಡುವುದೂ ಒಂದೇ ಅಲ್ಲ ಎಂದು ಅವಳಿಂದ ಕಲಿತೆ.

ಅಲ್ಲೇ ಅಂಗಳದಲ್ಲಿ ಅವಳ ಪ್ರಶ್ನೆಗೆ ಉತ್ತರವೂ ಕಂಡಿತು. ಮನೆಗೆ ನಲ್ಲಿ ಬಂದಿದೆ. ಹಳೆಯ ಕೊಡಗಳು ಅಟ್ಟ ಸೇರಿವೆ. ಒರಳಿನ ಜಾಗಕ್ಕೆ ಮಿಕ್ಸಿ ಬಂದಿದೆ. ನನ್ನ ಕಸುವು ಆ ಕೊಡಗಳ ಜೊತೆಗೇ ಅಟ್ಟ ಹತ್ತಿತ್ತು. ಅವು ಮತ್ತೆ ಬರಲಿ ಎಂದು ನಾನು ಖಂಡಿತ ಹೇಳಲಾರೆ. ನೀರು ಹೊತ್ತು ಹೊತ್ತು ಶಾಲೆ ತಪ್ಪಿಸಿಕೊಂಡ ಗೆಳತಿಯರು ನನಗಿದ್ದಾರೆ. ಆದರೆ ಹೊರೆ ಇಳಿಸಿದ ಮೇಲೆ ಅದರ ಜಾಗದಲ್ಲಿ ಏನನ್ನೂ ಇಟ್ಟುಕೊಳ್ಳದೆ, ನಾವು ಕುರ್ಚಿಯ ಮೇಲೆ ಕೂತುಬಿಟ್ಟೆವು. ಬಳಸದ ಸ್ನಾಯು ಕಾಯುವುದಿಲ್ಲ, ಕರಗುತ್ತದೆ.

ಲೆಕ್ಕಕ್ಕೆ ಬಾರದ ಎಸೆತ

ಗೆಳೆಯ ಗೆಳತಿಯರೇ, ನಾವು ಇಪ್ಪತ್ತರ ಹರೆಯದವರು. ಇದೆಲ್ಲ ವಯಸ್ಸಾದವರ ಚಿಂತೆ ಎಂದು ನಾನೂ ಅಂದುಕೊಂಡಿದ್ದೆ. ಆದರೆ ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಸ್ನಾಯು ಸುಮಾರು 3ರಿಂದ 8% ಕರಗುತ್ತ ಹೋಗುತ್ತದೆ ಎನ್ನುತ್ತಾರೆ ತಜ್ಞರು. ಮೂಳೆ ತನ್ನ ಪೂರ್ತಿ ಗಟ್ಟಿತನ ಗಳಿಸುವುದೂ ಹೆಚ್ಚುಕಡಿಮೆ ಮೂವತ್ತರೊಳಗೆ. ಅಂದರೆ ನಾವು ಲೈಬ್ರರಿಯಲ್ಲಿ ಕೂತು ಕಳೆಯುತ್ತಿರುವ ಈ ವರ್ಷಗಳೇ ಕಣಜ ತುಂಬಿಕೊಳ್ಳುವ ಕಾಲ. ಕೆಲಸ ಸಿಕ್ಕ ಮೇಲೆ ಮಾಡೋಣ ಎಂದರೆ ಸುಗ್ಗಿ ಮುಗಿದ ಮೇಲೆ ಬಿತ್ತಿದ ಹಾಗೆ.

ಲೆಕ್ಕ ದೊಡ್ಡದೇನಲ್ಲ. ವಾರಕ್ಕೆ 168 ಗಂಟೆ. ಅದರಲ್ಲಿ ನಡಿಗೆಗೆ ಎರಡೂವರೆ ಗಂಟೆ, ಕಸುವಿಗೆ ಒಂದು ಗಂಟೆ. ಒಟ್ಟು ಮೂರೂವರೆ ಗಂಟೆ. ಒಂದು ಮಾದರಿ ಪ್ರಶ್ನೆಪತ್ರಿಕೆ ಬಿಡಿಸಿ, ಉತ್ತರ ನೋಡಿಕೊಳ್ಳುವಷ್ಟು ಹೊತ್ತು.

ಊರಿಂದ ಮರಳಿದ ಮೇಲೆ ಒಂದು ಬೆಳಿಗ್ಗೆ ಆ ಹಿರಿಯರು ಎಲ್ಲಿಂದಲೋ 4 ಕೆ.ಜಿ. ಗುಂಡು ತಂದಿದ್ದರು. ಸುಣ್ಣದಲ್ಲಿ ಗೆರೆ ಎಳೆದರು. ನಾನು ಕಾಲು ಊರಿದೆ, ನೆಲವನ್ನು ಒತ್ತಿದೆ, ಸೊಂಟ ತಿರುಗಿತು, ಕೊನೆಗೆ ಕೈ. ಟೇಪು ಹಿಡಿದು ಅಳೆದು ಅವರು ಹೇಳಿದರು: ‘ನಾಲ್ಕು ಮೀಟರ್, ಐದು ಸೆಂಟಿಮೀಟರ್.’

ನನಗೆ ಅಳು ಬಂತು. ಆಯ್ಕೆಪಟ್ಟಿ ಯಾವಾಗಲೋ ಹೊರಬಿದ್ದಿತ್ತು. ಈ ಎಸೆತವನ್ನು ಬರೆದುಕೊಳ್ಳಲು ಯಾವ ಅಧಿಕಾರಿಯೂ ಅಲ್ಲಿರಲಿಲ್ಲ. ಮುಂದಿನ ಅಧಿಸೂಚನೆ ಬರುವಷ್ಟರಲ್ಲಿ ನನ್ನ ವಯೋಮಿತಿ ಮುಗಿದಿರುತ್ತದೋ ಏನೋ, ಗೊತ್ತಿಲ್ಲ. ‘ಈಗ ಬಂದು ಏನು ಉಪಯೋಗ ಸರ್?’ ಎಂದೆ. ಅವರು ಗುಂಡಿನ ಮಣ್ಣು ಒರೆಸುತ್ತ, ‘ನಾಳೆ ಶುಕ್ರವಾರ. ಬಸ್ಕಿ ಐತಿ, ಮರೀಬ್ಯಾಡ’ ಎಂದರು.

ರಾತ್ರಿ ಅವ್ವನಿಗೆ ಫೋನ್ ಮಾಡಿ ಹೇಳಿದೆ, ‘ಅವ್ವಾ, ಕಸುವು ಸಿಕ್ತು.’ ಅವಳು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ‘ಜ್ವಾಪಾನ ಮಾಡು’ ಎಂದಳು.